ಡೋನರ್ ಎಗ್‌ಗೆ ಅಡ್ವಾನ್ಸ್ ಕಟ್ಟುವ ಮುಂಚೆ ಇದನ್ನು ಓದಿ

ಬೆಂಗಳೂರಿನ ಒಂದು ಐವಿಎಫ್ ಸೆಂಟರ್ ಬಗ್ಗೆ ಇದು. ದೂರು ಕೊಟ್ಟಿದ್ದೇವೆ, ಅದಕ್ಕೇ ಹೆಸರು ಹಾಕುತ್ತಿಲ್ಲ. ಬರೆಯುವುದಕ್ಕೂ ನಾಚಿಕೆ ಆಗುತ್ತೆ, ಡೋನರ್ ಎಗ್, ಅಂದರೆ ಬೇರೆ ಹೆಣ್ಣಿನ ಅಂಡಾಣು ತಗೊಳ್ಳುವ ವಿಷಯ ನಮ್ಮ ಅತ್ತೆಗೂ ಗೊತ್ತಿಲ್ಲ.

ನನ್ನ ಎಎಂಎಚ್ (ಅಂಡಾಶಯದಲ್ಲಿ ಎಷ್ಟು ಎಗ್ ಉಳಿದಿರಬಹುದು ಅಂತ ಸೂಚಿಸುವ ಹಾರ್ಮೋನ್) ತುಂಬಾ ಕಡಿಮೆ, ಡೋನರ್ ಎಗ್ ನೋಡಿ ಅಂದರು ಡಾಕ್ಟರು. ಅದರ ಬಗ್ಗೆ ತಕರಾರಿಲ್ಲ, ಬೇರೆ ಕಡೆಯೂ ಅದನ್ನೇ ಹೇಳಿದ್ದರು. ಆಮೇಲೆ ಬಂದರು ಕೌನ್ಸೆಲರ್ ಮೇಡಂ. ವಾಟ್ಸಾಪ್‌ಗೆ ಒಂದು ಹುಡುಗಿಯ ಫೋಟೊ ಕಳಿಸಿ, "ನಿಮ್ಮ ಬಣ್ಣಕ್ಕೆ ಸರಿಯಾಗಿ ಮ್ಯಾಚ್ ಆಗ್ತಾರೆ, ಡಿಗ್ರಿ ಆಗಿದೆ, 12 ಎಗ್ ಗ್ಯಾರಂಟಿ, ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ನಿಮಗೇ ಬ್ಲಾಕ್ ಮಾಡ್ತೀನಿ" ಅಂದರು. ಬ್ಲಾಕ್ ಮಾಡೋಕೆ ಅದೇನು ಲೇಔಟ್ ಸೈಟಾ? ಕಟ್ಟಿದೆವು.

ಮುಂದಿನ ಸಲ ಸ್ಕ್ಯಾನಿಂಗ್‌ಗೆ ಕಾಯುವಾಗ ಹಾಸನದ ಕಡೆಯ ಒಬ್ಬರು ಅಕ್ಕ ಪಕ್ಕದಲ್ಲಿ ಕೂತಿದ್ದರು. ಅವರದ್ದೂ ಡೋನರ್ ಕೇಸೇ. ಮೆತ್ತಗೆ ಮೊಬೈಲ್ ತೆಗೆದು ತೋರಿಸಿದರು. ಅದೇ ಫೋಟೊ! ಅದೇ ಹಸಿರು ಚೂಡಿದಾರ, ಅದೇ ಗೋಡೆ, ಅದೇ "ನಿಮಗೇ ಬ್ಲಾಕ್ ಮಾಡ್ತೀನಿ" ಮೆಸೇಜು. ಅವರ ಮುಖ ನಾನು ನೋಡಲಿಲ್ಲ, ನನ್ನ ಮುಖ ಅವರು ನೋಡಲಿಲ್ಲ.

ಕೇಳಿದ್ದಕ್ಕೆ ಬಂದ ಉತ್ತರ: "ಅದು ಸುಮ್ನೆ ರೆಫರೆನ್ಸ್ ಫೋಟೊ ಮೇಡಂ, ಎಲ್ಲರಿಗೂ ಕಳಿಸ್ತೀವಿ." ಹಾಗಾದರೆ ನಮ್ಮ ಡೋನರ್ ಯಾವ ಬ್ಯಾಂಕಿನವರು, ಅಂದರೆ ಡೋನರ್‌ಗಳನ್ನು ಒದಗಿಸುವ ಯಾವ ಸಂಸ್ಥೆಯವರು? "ಅದು ಕಾನ್ಫಿಡೆನ್ಶಿಯಲ್." ಹುಡುಗಿಯ ಹೆಸರು ಯಾರು ಕೇಳಿದರು? ಬ್ಯಾಂಕಿನ ನೋಂದಣಿ ನಂಬರ್ ಕೇಳಿದ್ದು! ಡೋನರ್‌ಗೆ ಮಾಡಿಸಿದ ಇನ್ಶೂರೆನ್ಸ್ ಪೇಪರ್ ಕೇಳಿದರೆ, "ಇಷ್ಟೆಲ್ಲ ಟೆನ್ಶನ್ ತಗೊಂಡ್ರೆ ಇಂಪ್ಲಾಂಟ್ ಆಗಲ್ಲ ಮೇಡಂ." ಅಂದರೆ ಭ್ರೂಣ ಗರ್ಭದಲ್ಲಿ ನಿಲ್ಲಲ್ಲ ಅಂತ. ಈ ಮಾತು ಇವತ್ತಿಗೂ ಉರಿಯುತ್ತೆ.

ಮನೆಗೆ ಬಂದು ನಮ್ಮ ಯಜಮಾನರು 2021ರ ಎಆರ್‌ಟಿ ಕಾಯ್ದೆ (ಐವಿಎಫ್‌ನಂಥ ಚಿಕಿತ್ಸೆಗಳಿಗೆ ಇರುವ ಕಾನೂನು) ತೆಗೆದು ಓದಿದರು. ಎಗ್ ಡೋನರ್‌ಗೆ 23ರಿಂದ 35 ವಯಸ್ಸು, ಜೀವನದಲ್ಲಿ ಒಂದೇ ಸಲ ಕೊಡಬಹುದು, 7ಕ್ಕಿಂತ ಜಾಸ್ತಿ ಎಗ್ ತೆಗೆಯುವಂತಿಲ್ಲ, ಒಬ್ಬರ ಎಗ್ ಒಂದೇ ದಂಪತಿಗೆ. ಕಾಯ್ದೆಯೇ 7 ಅನ್ನುವಾಗ ಇವರ 12 ಗ್ಯಾರಂಟಿ ಎಲ್ಲಿಂದ ಬಂತು? ಡೋನರ್ ಬರಬೇಕಾದದ್ದು ನೋಂದಣಿಯಾದ ಬ್ಯಾಂಕಿನಿಂದ, ಮಧ್ಯವರ್ತಿ ಹಿಡಿದರೆ ಅಪರಾಧ. ಮೊದಲ ಸಲಕ್ಕೇ 5ರಿಂದ 10 ಲಕ್ಷ ದಂಡ ಇದೆ. ಆ ಹುಡುಗಿಗೆ ಇನ್ಶೂರೆನ್ಸ್ ಕೂಡ ಕಡ್ಡಾಯ. ಪಾಪ, ಅವಳ ಫೋಟೊ ಎಷ್ಟು ಜನರ ಫೋನಿನಲ್ಲಿದೆಯೋ, ಅವಳಿಗೆ ಗೊತ್ತೋ ಇಲ್ಲವೋ.

ಹಣ ವಾಪಸ್ ಕೇಳಿದರೆ ರಸೀದಿ ತೋರಿಸಿದರು. ಅದರಲ್ಲಿ ಡೋನರ್ ಅನ್ನೋ ಪದವೇ ಇಲ್ಲ, ಬರೀ "ಪ್ರೊಸೀಜರ್ ಚಾರ್ಜ್, ನಾನ್ ರಿಫಂಡೆಬಲ್".

ಫೋಟೊ ಕಳಿಸಿ ಅವಸರ ಮಾಡಿದರೆ ಎದ್ದು ಬನ್ನಿ. ಕ್ಲಿನಿಕ್ ಮತ್ತು ಬ್ಯಾಂಕ್ ಎರಡರ ನೋಂದಣಿ ನಂಬರನ್ನೂ ಬರಹದಲ್ಲಿ ತಗೊಳ್ಳಿ, ರಸೀದಿಯಲ್ಲಿ ಡೋನರ್ ಖರ್ಚು ಬೇರೆಯಾಗಿ ಬರೆಸಿ. ಮೇಡಂ ಎಷ್ಟೇ ನಗುನಗುತ್ತಾ ಮಾತಾಡಿದರೂ ಬರೆಸಿ. ಹಾಸನದ ಅಕ್ಕನೂ ನಮ್ಮ ಜೊತೆ ದೂರಿಗೆ ಸಹಿ ಹಾಕಿದ್ದಾರೆ, ಅದೇ ಫೋಟೊ ಬಂದಿರುವವರು ಇನ್ನೂ ಇದ್ದರೆ ಮೆಸೇಜ್ ಮಾಡಿ.