ಹೃದಯ ವೈಫಲ್ಯವಿರುವವರಿಗೆ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ಮಾರುವವರ ಬಗ್ಗೆ ಎಚ್ಚರವಿರಲಿ

ಶಿರಸಿ, ಕುಮಟಾ, ಕಾರವಾರದ ಕಡೆ ಮನೆಯಲ್ಲಿ ಹೃದಯ ವೈಫಲ್ಯದ (ಹೃದಯಕ್ಕೆ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಕಾಯಿಲೆಯ) ರೋಗಿಗಳಿರುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ‘ಹಾರ್ಟಿನ ಪಂಪಿಂಗ್ ಹೆಚ್ಚುತ್ತದೆ, ಸೊರಗಿದ ಮೈ ತುಂಬಿಕೊಳ್ಳುತ್ತದೆ’ ಎಂದು ನಂಬಿಸಿ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ನನ್ನು ಮನೆಬಾಗಿಲಿಗೇ ತಂದು ಮಾರುವವರು ನಮ್ಮ ಭಾಗಕ್ಕೂ ಬಂದಿದ್ದಾರೆ.

ಶಿರಸಿ ಸಮೀಪದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನಿಗೆ ಕೆಲವು ವರ್ಷಗಳಿಂದ ಈ ಕಾಯಿಲೆಯಿದೆ. ಅಡಿಕೆಯ ಕೊನೆಕೊಯ್ಲಿನಲ್ಲೂ ತೋಟಕ್ಕೆ ಇಳಿಯಲಾಗದೆ ನೊಂದಿದ್ದ ಅವರಿಗೆ ಬಂದಾತ ಒಂದು ರಕ್ತಪರೀಕ್ಷೆ ಮಾಡಿಸಿ, ಹಾರ್ಮೋನ್ ಕಡಿಮೆಯಿರುವುದೇ ಎಲ್ಲಕ್ಕೂ ಕಾರಣವೆಂದು ಹೇಳಿದ. ಇಂಜೆಕ್ಷನ್ ಆರಂಭಿಸಿದ ಕೆಲವೇ ವಾರಗಳಲ್ಲಿ ಕಾಲು ಬಾತುಕೊಂಡಿತು, ಸಕ್ಕರೆ ಏರಿತು, ರಾತ್ರಿ ಮಲಗಿದರೆ ಉಸಿರು ಕಟ್ಟತೊಡಗಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿ, ದೇಹದಲ್ಲಿ ತುಂಬಿದ್ದ ನೀರನ್ನು ಔಷಧ ಕೊಟ್ಟು ಇಳಿಸಬೇಕಾಯಿತು.

ಮಾರುವವರ ಮಾತಿನಲ್ಲಿ ಅರ್ಧ ಸತ್ಯವಿರುವುದೇ ಹೆಚ್ಚು ಅಪಾಯಕಾರಿ. ದೀರ್ಘಕಾಲದ ಹೃದಯ ವೈಫಲ್ಯವಿರುವ ಕೆಲವರಲ್ಲಿ ಈ ಹಾರ್ಮೋನಿನ ಕೊರತೆ ಇರುವುದು ನಿಜ. ಆದರೆ ತೀರಾ ಸೊರಗಿದ ಕೆಲವರಲ್ಲಿ ಹಾರ್ಮೋನ್ ಹೆಚ್ಚೇ ಇದ್ದು, ಯಕೃತ್ತು ಅದಕ್ಕೆ ಸ್ಪಂದಿಸದೆ, ಆ ಹಾರ್ಮೋನಿನ ಸೂಚನೆಯಂತೆ ಯಕೃತ್ತು ತಯಾರಿಸುವ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನ್ ಮಾತ್ರ ತಗ್ಗಿರುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬೆಳವಣಿಗೆ ಹಾರ್ಮೋನನ್ನು ದಿನವಿಡೀ ಒಂದೇ ಸಮನಾಗಿ ಸುರಿಸದೆ ಬಿಟ್ಟುಬಿಟ್ಟು ಸ್ರವಿಸುವುದರಿಂದ, ಯಾವುದೋ ಹೊತ್ತಿನಲ್ಲಿ ತೆಗೆದ ಒಂದು ರಕ್ತದ ಮಾದರಿಯಿಂದ ಕೊರತೆಯನ್ನು ನಿರ್ಧರಿಸಲಾಗದು. ಅದಕ್ಕೆ ಹಾರ್ಮೋನ್ ಸ್ರವಿಸುವಂತೆ ಗ್ರಂಥಿಯನ್ನು ಔಷಧದಿಂದ ಪ್ರಚೋದಿಸಿ ತಜ್ಞರು ಮಾಡುವ ಉತ್ತೇಜನ ಪರೀಕ್ಷೆಯೇ ಬೇಕು.

1996ರಲ್ಲಿ ಇಟಲಿಯ ವೈದ್ಯರು 7 ರೋಗಿಗಳಿಗೆ ಈ ಹಾರ್ಮೋನನ್ನು ಕೊಟ್ಟಾಗ ಹೃದಯದ ಕೆಲಸ ಸುಧಾರಿಸಿತ್ತು, ಆದರೆ ಹೋಲಿಸಿ ನೋಡಲು ಔಷಧವಿಲ್ಲದ ಗುಂಪು ಅಲ್ಲಿರಲಿಲ್ಲ. 1998ರಲ್ಲಿ ಜರ್ಮನಿಯಲ್ಲಿ 50 ರೋಗಿಗಳ ಮೇಲೆ, ಅಂಥ ಗುಂಪನ್ನೂ ಇಟ್ಟುಕೊಂಡು ನಡೆದ ಅಧ್ಯಯನದಲ್ಲಿ ಹೃದಯದ ಎಡ ಕುಹರದ (ದೇಹಕ್ಕೆ ರಕ್ತ ತಳ್ಳುವ ಕೋಣೆಯ) ತೂಕ ಹೆಚ್ಚಿತೇ ಹೊರತು ರೋಗಿಗಳ ಸ್ಥಿತಿ ಸುಧಾರಿಸಲಿಲ್ಲ. ಕೊರತೆ ಖಚಿತವಾದವರಲ್ಲಿ ಪ್ರಯೋಜನ ಕಂಡ ಸಣ್ಣ ಅಧ್ಯಯನಗಳೂ ಇವೆ, ಆದರೆ ಅವೆಲ್ಲ ವೈದ್ಯರ ಕಣ್ಗಾವಲಿನಲ್ಲಿ ನಡೆದವು. ಈ ಹಾರ್ಮೋನ್ ಮೂತ್ರಪಿಂಡದ ಮೂಲಕ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತದೆ. ಮೊದಲೇ ನೀರು ತುಂಬಿ ಬಳಲುವ ಹೃದಯಕ್ಕೆ ಇದಕ್ಕಿಂತ ದೊಡ್ಡ ಹೊರೆಯಿಲ್ಲ. 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕಾದ ಈ ಔಷಧವನ್ನು ಚಿಕ್ಕಪ್ಪನಿಗೆ ಮಾರಿದಾತ ಬೈಕಿನ ಚೀಲದಲ್ಲಿ ತಂದಿದ್ದನೆಂಬುದೂ ನಮಗೆ ಆಮೇಲೆ ತಿಳಿಯಿತು.

ಈಗಾಗಲೇ ಇದನ್ನು ತೆಗೆದುಕೊಳ್ಳುತ್ತಿರುವವರು ತಮ್ಮ ಹೃದ್ರೋಗ ವೈದ್ಯರಿಂದ ಮುಚ್ಚಿಡಬಾರದು, ಮಾರಿದವನ ಮಾತಿಗೆ ಹಳೆಯ ಮಾತ್ರೆಗಳನ್ನು ಬಿಟ್ಟಿದ್ದರೆ ಅದನ್ನೂ ಹೇಳಬೇಕು. ಪ್ರತಿದಿನ ಬೆಳಿಗ್ಗೆ ತೂಕ ನೋಡಿಕೊಳ್ಳಿ; ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅಂದೇ ವೈದ್ಯರನ್ನು ಕಾಣಿ. ನಮ್ಮ ಜಿಲ್ಲೆಯಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ತಲುಪಲು ಗಂಟೆಗಟ್ಟಲೆ ಬೇಕಾಗುವುದರಿಂದ, ರಾತ್ರಿ ಉಸಿರು ಕಟ್ಟುವವರೆಗೆ ಕಾಯಬೇಡಿ.