ಸುತ್ತಿ ಬಳಸಿ ಮತ್ತೆ ಎಲ್‌ಸಿಡಿಗೆ: ಮೂರು ಫೋನು, ಒಂದು ತಲೆನೋವು

26 ಸಾವಿರದ ಫೋನು ಈಗ ಮೈಸೂರಿನಲ್ಲಿ ಓದುವ ಮಗಳ ಕೈಯಲ್ಲಿದೆ. 11,500 ರೂಪಾಯಿಯ ಎಲ್‌ಸಿಡಿ ಪರದೆಯದು ನನ್ನ ಜೇಬಿನಲ್ಲಿದೆ. ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ಜೇಬು ಮುಟ್ಟಿ ತೋರಿಸುತ್ತೇನೆ. ಮಧ್ಯದಲ್ಲಿ ಭಾವನ ಫೋನನ್ನೂ ಎರಡು ವಾರ ಇಟ್ಟುಕೊಂಡು ನೋಡಿದ್ದೇನೆ. ಕ್ಯಾಮೆರಾ, ರ‍್ಯಾಮ್, ಚಾರ್ಜಿಂಗ್ ವೇಗ ಇವೆಲ್ಲ ಬೇರೆ ಕಡೆ ಬೇಕಾದಷ್ಟು ಸಿಗುತ್ತವೆ, ಬಿಟ್ಟುಬಿಡುತ್ತೇನೆ. ನಾನು ಹೋಲಿಸುವುದು ಒಂದೇ ವಿಷಯ: ಕತ್ತಲಲ್ಲಿ ಅರ್ಧ ಗಂಟೆ ನೋಡಿದ ಮೇಲೆ ಕಣ್ಣು ಏನನ್ನುತ್ತದೆ, ಹಣೆ ಏನನ್ನುತ್ತದೆ ಅಂತ.

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಹೊರಗಿನವರಿಗೆ ಹೇಳಬೇಕು, ನಮ್ಮಲ್ಲಿ ರೈಟರ್ ಅಂದರೆ ಕತೆ ಬರೆಯುವವನಲ್ಲ, ಚೆಕ್‌ರೋಲ್ ಬರೆಯುವವನು. ಕೆಲಸಕ್ಕೆ ಯಾರು ಬಂದರು, ಯಾರಿಗೆ ಯಾವ ಕೆಲಸ, ಎಷ್ಟು ಮೂಟೆ ಗೊಬ್ಬರ ಹೋಯಿತು, ಮಳೆ ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು), ಎಲ್ಲ ಸಂಜೆ ಸಾಹುಕಾರರಿಗೆ ಹೋಗಬೇಕು. ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದೆ, ಈಗ ಫೋನಿನಲ್ಲಿ. ಬೆಳಗ್ಗೆ 5.30ಕ್ಕೆ ಇನ್ನೊಂದು ಪಾಳಿ. ಆನೆ ಯಾವ ತೋಟದಲ್ಲಿ ನಿಂತಿದೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಬಂದಿರುತ್ತದೆ. ಅದನ್ನು ನೋಡದೆ ಯಾರನ್ನೂ ತೋಟಕ್ಕೆ ಇಳಿಸುವ ಹಾಗಿಲ್ಲ. ಹಾಗಾಗಿ ‘ಫೋನು ಕಡಿಮೆ ನೋಡಿ’ ಅನ್ನುವ ಬುದ್ಧಿಮಾತು ನನ್ನ ಕೆಲಸಕ್ಕೆ ಬರುವುದಿಲ್ಲ.

ಹಳೆಯ ಎಲ್‌ಸಿಡಿ ಫೋನು ಜನವರಿಯಲ್ಲಿ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ, ಕಣದ ಸಿಮೆಂಟಿನ ಮೇಲೆ ಬಿದ್ದು ಒಡೆಯಿತು. ಕುಶಾಲನಗರಕ್ಕೆ ಹೋಗಿ 26 ಸಾವಿರ ಕೊಟ್ಟು ಅಮೋಲೆಡ್ ಪರದೆಯ ಫೋನು ತಂದೆ. ಅಂಗಡಿಯಲ್ಲಿ ಅದನ್ನು ನೋಡಿದ ಮೇಲೆ ಹಳೆಯ ಪರದೆ ಮಾಸಿದ ಪಂಚೆ ಅನ್ನಿಸಿತ್ತು. ಕಪ್ಪು ಅಂದರೆ ಕಪ್ಪು, ಕೆಂಪು ಅಂದರೆ ಹಣ್ಣು ಕಾಫಿಯ ಕೆಂಪು. ಮೇ ತನಕ ಒಂದು ದೂರೂ ಇರಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು, ಹಿಂದೆಯೇ ತಲೆನೋವೂ ಹಿಡಿಯಿತು. ಎಡಗಣ್ಣಿನ ಹಿಂದೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಚೆಕ್‌ರೋಲಿನ ಹತ್ತನೇ ಹೆಸರಿಗೆ ಬರುವಷ್ಟರಲ್ಲಿ ಶುರು. ಅಕ್ಷರ ಸರಿಯಾಗಿಯೇ ಕಾಣುತ್ತಿತ್ತು, ನೋಡುವುದಕ್ಕೆ ಮಾತ್ರ ಕಣ್ಣು ಒಪ್ಪುತ್ತಿರಲಿಲ್ಲ. ಜತೆಗೆ ಸ್ವಲ್ಪ ವಾಕರಿಕೆ. ಹೆಂಡತಿ ಪಿತ್ತ ಅಂದಳು, ಜೀರಿಗೆ ಕಷಾಯ ಕುಡಿಸಿದಳು. ಸಾಹುಕಾರರು ಥಂಡಿ ಗಾಳಿ ಅಂದರು. ಕಣ್ಣಿನ ಡಾಕ್ಟರು ಚಾಳೀಸು ಅಂದರು. ನನಗೆ 44, ಅದೂ ಸುಳ್ಳಲ್ಲ. ಕನ್ನಡಕ ಬಂತು, ಪುಸ್ತಕದ ಅಕ್ಷರ ಚೆನ್ನಾಗಿ ಕಂಡಿತು. ಫೋನಿನ ತಲೆನೋವು ಇದ್ದಲ್ಲೇ ಇತ್ತು. ಪರದೆಗೆ ಹಳದಿ ಬಣ್ಣ ಬರುವ ನೈಟ್ ಮೋಡ್ ಹಾಕಿದೆ. ಹಳದಿ ತಲೆನೋವು ಬಂತು, ಅಷ್ಟೇ.

ಗುಟ್ಟು ಸಿಕ್ಕಿದ್ದು ಮಗಳಿಂದ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬಕ್ಕೆ ಮನೆಗೆ ಬಂದಿದ್ದಳು. ಕರೆಂಟ್ ಇರಲಿಲ್ಲ. ನಾನು ಮೂಲೆಯಲ್ಲಿ ಕೂತು ಮಳೆ ಲೆಕ್ಕ ಬರೆಯುತ್ತಿದ್ದೆ, ಅವಳು ಸುಮ್ನೆ ವಿಡಿಯೋ ತೆಗೆಯುತ್ತಿದ್ದಳು.

“ಅಪ್ಪಾ, ನಿನ್ನ ಫೋನಲ್ಲಿ ಕಪ್ಪು ಪಟ್ಟಿ ಓಡ್ತಾ ಇದೆಯಲ್ಲ.”

ನನಗೆ ಕಾಣಲಿಲ್ಲ. ಅವಳ ವಿಡಿಯೋದಲ್ಲಿ ಕಂಡಿತು. ನನ್ನ ಕೈಯಲ್ಲಿದ್ದ ಪರದೆಯ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಇಳಿಯುತ್ತಿದ್ದವು, ಗದ್ದೆಯ ಬದುಗಳೆಲ್ಲ ಎದ್ದು ನಡೆದ ಹಾಗೆ.

ಲಾಟೀನಿನ ಬೆಳಕು ಕಡಿಮೆ ಮಾಡುವುದಕ್ಕೆ ಎರಡು ದಾರಿ ಇವೆ ಅಂದುಕೊಳ್ಳಿ. ಬತ್ತಿ ಇಳಿಸಬಹುದು. ಇಲ್ಲವೇ ಬತ್ತಿಯನ್ನು ಹಾಗೇ ಬಿಟ್ಟು, ಗಾಜಿನ ಮುಂದೆ ಕೈ ಅಡ್ಡ ಹಿಡಿದು ತೆಗೆಯುತ್ತಾ ಇರಬಹುದು. ಕೈ ತುಂಬಾ ಬೇಗ ಆಡಿದರೆ ನೋಡುವವರಿಗೆ ಬೆಳಕು ಮಂದವಾಯಿತು ಅಂತಲೇ ಅನ್ನಿಸುತ್ತದೆ. ಬಹಳಷ್ಟು ಅಮೋಲೆಡ್ ಪರದೆಗಳು ಮಾಡುವುದು ಈ ಎರಡನೆಯದನ್ನು. ಅದಕ್ಕೆ ಪಲ್ಸ್ ವಿಡ್ತ್ ಮಾಡ್ಯುಲೇಷನ್, ಚಿಕ್ಕದಾಗಿ ಪಿಡಬ್ಲ್ಯೂಎಂ ಅನ್ನುತ್ತಾರೆ. ಬತ್ತಿ ಇಳಿಸುವ ಕ್ರಮದ ಹೆಸರು ಡಿಸಿ ಡಿಮ್ಮಿಂಗ್. ಅಮೋಲೆಡ್‌ನಲ್ಲಿ ಒಂದೊಂದು ಚುಕ್ಕೆಯೂ ತಾನೇ ಉರಿಯುವ ದೀಪ. ಅದಕ್ಕೆ ಕೊಡುವ ಕರೆಂಟನ್ನು ತೀರಾ ಇಳಿಸಿದರೆ ಬಣ್ಣ ಕೆಡುತ್ತದೆ, ಬೂದು ಬಣ್ಣ ಕಲೆ ಕಲೆಯಾಗಿ ಕಾಣುತ್ತದೆ. ಆರಿಸಿ ಹೊತ್ತಿಸುವುದು ಅದಕ್ಕಿಂತ ಸುಲಭ. ಬ್ರೈಟ್‌ನೆಸ್ ಜಾಸ್ತಿ ಇದ್ದಾಗ ದೀಪ ಆರಿರುವ ಹೊತ್ತು ಸಣ್ಣದು. ಇಳಿಸಿದಷ್ಟೂ ಆ ಹೊತ್ತು ಉದ್ದವಾಗುತ್ತದೆ.

ಜೂನಿನ ಒಗಟು ಅಲ್ಲೇ ಬಿಡಿಸಿಕೊಂಡಿತು. ಬೇಸಿಗೆಯಲ್ಲಿ ನಾನು ಫೋನು ನೋಡುತ್ತಿದ್ದದ್ದು ಬಿಸಿಲಿನಲ್ಲಿ, ಬ್ರೈಟ್‌ನೆಸ್ ಮೇಲಿಟ್ಟು. ಮಳೆಗಾಲದಲ್ಲಿ ನಮ್ಮ ಕಡೆ 4 ಗಂಟೆಗೇ ಮಬ್ಬು. ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕರೆಂಟ್ ಇಲ್ಲ. ಬ್ಯಾಟರಿ ಉಳಿಸಬೇಕು, ಕಣ್ಣಿಗೂ ಚುಚ್ಚಬಾರದು ಅಂತ ಬ್ರೈಟ್‌ನೆಸ್ಸನ್ನು ಪೂರ್ತಿ ಕೆಳಗೆ ಎಳೆಯುತ್ತಿದ್ದೆ. ಕಣ್ಣಿಗೆ ಹಿತ ಅಂತ ಮಾಡಿದ್ದೇ ಕಣ್ಣಿಗೆ ಏಟು.

ಇದು ನನ್ನ ಮನಸ್ಸಿನ ಭ್ರಮೆ ಅಂತ ಭಾವ ನಕ್ಕಿದ್ದ. ತೋಟದ ಆಫೀಸಿನ ಹಳೆಯ ಟ್ಯೂಬ್‌ಲೈಟ್ ಕೆಳಗೆ ಕೂತಾಗಲೂ ನನಗೆ ಹೀಗೇ ಆಗುತ್ತಿತ್ತು ಅನ್ನುವುದು ಆಗ ನೆನಪಾಯಿತು. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ ಎರಡು ಸಲದಂತೆ ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಆ ಮಿಣುಕು ಕಾಣುವುದಿಲ್ಲ. ಬ್ರಿಟನ್ನಿನ ಸಂಶೋಧಕ ಅರ್ನಾಲ್ಡ್ ವಿಲ್ಕಿನ್ಸ್ ಮತ್ತು ಜತೆಗಾರರು 1989ರಲ್ಲೇ ಆಫೀಸಿನವರ ಮೇಲೆ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಟ್ಯೂಬಿನ ಮಿಣುಕನ್ನು ತುಂಬಾ ವೇಗದ್ದಕ್ಕೆ ಬದಲಾಯಿಸಿದಾಗ ತಲೆನೋವು, ಕಣ್ಣುನೋವು ಅರ್ಧಕ್ಕಿಂತ ಕೆಳಗಿಳಿದವು. ಭಾವನಿಗೆ ಹೇಳಿದೆ. ಆಮೇಲೆ ನಗಲಿಲ್ಲ, ತನ್ನ ಫೋನು ಕೊಟ್ಟ.

ಪರೀಕ್ಷೆಗೆ ಯಂತ್ರ ಏನೂ ಬೇಡ, ನನ್ನದು ಕಾಫಿ ಕಡ್ಡಿ. ಕತ್ತಲ ಕೋಣೆಯಲ್ಲಿ ಫೋನಿನ ಮೇಲೆ ಬಿಳಿ ಪುಟ ತೆರೆದು, ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿ, ಪರದೆ ಮುಂದೆ ಸಣ್ಣ ಕಡ್ಡಿಯನ್ನು ಬೀಸಣಿಗೆ ಥರ ಬೇಗ ಬೇಗ ಆಡಿಸಬೇಕು. ಬೆಳಕು ಒಂದೇ ಸಮ ಇದ್ದರೆ ಕಡ್ಡಿ ಹೊಗೆಯಂತೆ ಕರಗಿ ಕಾಣುತ್ತದೆ. ನಿಧಾನದ ಮಿಣುಕಿದ್ದರೆ ಹತ್ತು ಹನ್ನೆರಡು ಕಡ್ಡಿ ಬೇರೆ ಬೇರೆಯಾಗಿ, ಬೇಲಿ ಗೂಟದ ಹಾಗೆ ನಿಲ್ಲುತ್ತವೆ. ಇನ್ನೊಂದು ಫೋನಿದ್ದರೆ ಅದರ ಕ್ಯಾಮೆರಾವನ್ನು ಪ್ರೊ ಮೋಡಿಗೆ ಹಾಕಿ, ಶಟರ್ ವೇಗ 1/4000ಕ್ಕೆ ಇಟ್ಟು ನೋಡಿ. ಪಟ್ಟಿ ದಪ್ಪ ಕಪ್ಪು ಇದ್ದಷ್ಟೂ ಕೆಟ್ಟದು.

ನನ್ನ 26 ಸಾವಿರದ್ದು ಗೂಟದ ಬೇಲಿ. ಅಳತೆ ಮಾಡಿದವರ ಪ್ರಕಾರ ಅದರ ಮಿಣುಕು 240 ಹರ್ಟ್ಸ್, ಸೆಕೆಂಡಿಗೆ 240 ಸಲ. ತಕ್ಷಣ ಮಾರಲಿಲ್ಲ, ದುಡ್ಡು ಕೊಟ್ಟಿದ್ದೆ ಅಲ್ವಾ. ಉಪಾಯ ಹುಡುಕಿದೆ. ಆಂಡ್ರಾಯ್ಡ್ 12ರಿಂದ ಈಚೆಗೆ ‘ಎಕ್ಸ್‌ಟ್ರಾ ಡಿಮ್’ ಅಂತ ಒಂದು ಸೌಲಭ್ಯ ಇದೆ. ಬ್ರೈಟ್‌ನೆಸ್ ಗೆರೆಯನ್ನು ಮುಕ್ಕಾಲಿಗಿಂತ ಮೇಲಿಟ್ಟು ಅದನ್ನು ಆನ್ ಮಾಡಿದರೆ, ಅದು ಬಣ್ಣಗಳನ್ನೇ ಮಂಕು ಮಾಡುತ್ತದೆ. ದೀಪ ಆರಿರುವ ಹೊತ್ತು ಸಣ್ಣದಾಗಿಯೇ ಉಳಿಯುತ್ತದೆ, ಕಣ್ಣಿಗೆ ಬೀಳುವ ಬೆಳಕು ಮಾತ್ರ ಕಡಿಮೆ. ಮೊದಲ ರಾತ್ರಿ ಚೆಕ್‌ರೋಲ್ ಪೂರ್ತಿ ಬರೆದು ಮುಗಿಸಿದೆ, ಹೆಬ್ಬೆರಳು ಒತ್ತಲಿಲ್ಲ. ಗೆದ್ದೆ ಅಂದುಕೊಂಡೆ.

ಕಾಟ ಶುರುವಾದದ್ದು ಬೆಳಗ್ಗೆ. ತೋಟದೊಳಗೆ ಹತ್ತು ಹೆಜ್ಜೆ ಸಿಲ್ವರ್ ಓಕ್ ನೆರಳು, ಹತ್ತು ಹೆಜ್ಜೆ ಬಿಸಿಲು. ಎಕ್ಸ್‌ಟ್ರಾ ಡಿಮ್ ಹಾಕಿದ ಪರದೆ ಬಿಸಿಲಿನಲ್ಲಿ ಹಂಚಿನ ತುಂಡು, ಏನೂ ಕಾಣುವುದಿಲ್ಲ. ಸಾಹುಕಾರರ ಫೋನು ಬಂದರೆ ಯಾವ ಕಡೆ ಎಳೆದರೆ ಎತ್ತಿದ ಹಾಗೆ ಅಂತ ತಡಕಾಡಬೇಕು. ಎರಡು ಸಲ ಅವರ ಕರೆಯನ್ನೇ ಕಟ್ ಮಾಡಿದೆ. ಸರಿ, ಹಗಲು ಎಕ್ಸ್‌ಟ್ರಾ ಡಿಮ್ ತೆಗೆದು ಆಟೋ ಬ್ರೈಟ್‌ನೆಸ್ ಹಾಕಿದೆ. ಸಂಜೆ ಅದನ್ನು ತೆಗೆಯುವುದು ಮರೆತರೆ, ಕತ್ತಲಾಯಿತು ಅಂತ ಫೋನು ತಾನಾಗಿ ಗೆರೆಯನ್ನು ಕೆಳಕ್ಕೆ ಎಳೆದು ಬಿಟ್ಟಿರುತ್ತದೆ. ನಾನು ಚೆಕ್‌ರೋಲ್ ಅರ್ಧ ಬರೆದ ಮೇಲೆ ಹೆಬ್ಬೆರಳು ಬಂದು ನೆನಪು ಮಾಡುತ್ತದೆ.

ಇನ್ನೊಂದು ದಿನದ್ದು ಹೇಳುತ್ತೇನೆ. ಮಳೆಗೆ ಕರೆಂಟ್ ಹೋಗಿ ಎರಡು ದಿನ, ಫೋನು ಸತ್ತಿತ್ತು. ರಾತ್ರಿ ಜೀಪಿನಲ್ಲಿ ಚಾರ್ಜ್ ಹಾಕಿ ತಂದೆ. ಬೆಳಗ್ಗೆ 5.30ಕ್ಕೆ ಕಣ್ಣುಜ್ಜಿಕೊಂಡು ಆನೆ ಗ್ರೂಪ್ ತೆರೆದರೆ ಮುಖಕ್ಕೆ ಟಾರ್ಚ್ ಬಿಟ್ಟ ಹಾಗಾಯಿತು. ಫೋನು ಆಫ್ ಆಗಿ ಆನ್ ಆದದ್ದರಲ್ಲಿ ಎಕ್ಸ್‌ಟ್ರಾ ಡಿಮ್ ಹೋಗಿತ್ತು, ಗೆರೆ ಮಾತ್ರ ನಾನಿಟ್ಟ ಎತ್ತರದಲ್ಲೇ ಇತ್ತು. ‘ರೀ, ಕರೆಂಟ್ ಬಂತಾ?’ ಅಂತ ಹೆಂಡತಿ ಎದ್ದು ಕೂತಳು. ರೀಸ್ಟಾರ್ಟ್ ಆದ ಮೇಲೂ ಇದನ್ನು ಉಳಿಸುವ ಒಂದು ಆಯ್ಕೆ ಸೆಟ್ಟಿಂಗ್ಸ್ ಒಳಗೇ ಇದೆ ಅಂತ ಆಮೇಲೆ ಗೊತ್ತಾಯಿತು. ಅದನ್ನೂ ಹಾಕಿದೆ. ಆದರೆ ದಿನಕ್ಕೆ ನಾಲ್ಕು ಸಲ ಫೋನಿನ ಕಿವಿ ಹಿಂಡುವ ಕೆಲಸ ತಪ್ಪಲಿಲ್ಲ. ಒಂದೇ ಕಡೆ ಕೂತು ಕೆಲಸ ಮಾಡುವವರಿಗೆ ಈ ಉಪಾಯ ಸಾಕು, ಕಾಸೂ ಖರ್ಚಿಲ್ಲ. ತೋಟ ಸುತ್ತುವವನಿಗೆ ಆಗುವುದಿಲ್ಲ.

ಭಾವನದು 32 ಸಾವಿರದ್ದು. ಅದೂ ಅಮೋಲೆಡ್ಡೇ, ಆದರೆ ಮಿಣುಕು 3840 ಹರ್ಟ್ಸ್ ಅಂತ ಡಬ್ಬದ ಮೇಲೇ ಬರೆದಿದೆ. ಎಲ್‌ಇಡಿ ದೀಪಗಳ ಮಿಣುಕಿಗೆ ಐಇಇಇ ಅನ್ನುವ ಎಂಜಿನಿಯರುಗಳ ಸಂಸ್ಥೆ 2015ರಲ್ಲಿ ಮಾಡಿದ 1789 ಅನ್ನುವ ಶಿಫಾರಸು ಇದೆ. ದೀಪ ಪೂರ್ತಿ ಆರಿ ಹೊತ್ತಿದರೂ 1250 ಹರ್ಟ್ಸ್ ದಾಟಿದರೆ ಅಪಾಯ ಕಡಿಮೆ, 3000 ದಾಟಿದರೆ ಪರಿಣಾಮ ಇಲ್ಲ ಅನ್ನುವ ಲೆಕ್ಕ ಅದರದು. ಅದು ಫೋನಿಗೆ ಅಂತ ಮಾಡಿದ್ದಲ್ಲ, ಆದರೂ ಒಂದು ಅಂದಾಜು ಸಿಗುತ್ತದೆ. ಕಡ್ಡಿ ಆಡಿಸಿದೆ, ಹೊಗೆ. ಕ್ಯಾಮೆರಾದಲ್ಲಿ ಕೂದಲಿನಷ್ಟು ಸಣ್ಣ ಮಸುಕು ಗೆರೆ. ಎರಡು ವಾರದಲ್ಲಿ ಒಂದು ದಿನ ಮಾತ್ರ ಕಣ್ಣು ಭಾರ ಅನ್ನಿಸಿತು, ಅವತ್ತು ಎರಡು ಗಂಟೆ ಕ್ರಿಕೆಟ್ ನೋಡಿದ್ದೆ. ಅದು ಫೋನಿನ ತಪ್ಪಲ್ಲ. ದುಡ್ಡಿದ್ದು, ಬಣ್ಣ ಬೇಕು ಅನ್ನುವವರು ಇಂಥದ್ದನ್ನೇ ತಗೊಳ್ಳಿ. ನನ್ನ ಕೈಯಿಂದ ಫೋನು ಎರಡು ವರ್ಷಕ್ಕೊಮ್ಮೆ ಕಣಕ್ಕೆ ಬೀಳುತ್ತದೆ. 32 ಸಾವಿರ ಬೀಳುವ ಸದ್ದು ಕೇಳುವ ಧೈರ್ಯ ನನಗಿಲ್ಲ.

ಕೊನೆಗೆ ಎಲ್‌ಸಿಡಿ. ಇದರಲ್ಲಿ ಚುಕ್ಕೆಗಳು ತಾವೇ ಬೆಳಗುವುದಿಲ್ಲ, ಹಿಂದೆ ಬೇರೆ ದೀಪ ಇರುತ್ತದೆ. ಆ ದೀಪದ ಬತ್ತಿ ಇಳಿಸುವುದು ಸುಲಭ. ಹಾಗಂತ ಎಲ್ಲ ಎಲ್‌ಸಿಡಿಯೂ ಸಾಧು ಅಂತ ನಂಬಬೇಡಿ. ಗೋಣಿಕೊಪ್ಪದ ಅಂಗಡಿಯಲ್ಲಿ ಮೂರು ಫೋನು ತೆಗೆಸಿ ಮೇಜಿನ ಕೆಳಗಿನ ಕತ್ತಲಿಗೆ ಹಿಡಿದು ಕಡ್ಡಿ ಆಡಿಸಿದೆ. ಒಂದರಲ್ಲಿ ಬೇಲಿ ಎದ್ದು ನಿಂತಿತು.

“ಸರ್, ಏನು ಹುಡುಕ್ತಾ ಇದ್ದೀರಾ?” ಅಂದ ಅಂಗಡಿಯ ಹುಡುಗ.

“ಮಿಣುಕು ಇದೆಯಾ ಅಂತ.”

“ಇದು 120 ಹರ್ಟ್ಸ್ ಸರ್, ಮಿಣುಕೇ ಇರಲ್ಲ.”

ಆ 120 ಬೇರೆ, ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದು. ದೀಪ ಎಷ್ಟು ಸಲ ಆರುತ್ತದೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಹುಡುಗನಿಗೆ ಕಡ್ಡಿ ಕೊಟ್ಟೆ. ಆಡಿಸಿ ನೋಡಿ, ತನ್ನ ಸ್ವಂತ ಫೋನನ್ನೂ ಜೇಬಿನಿಂದ ತೆಗೆದು ನೋಡಿದ. ಉಳಿದ ಎರಡರಲ್ಲಿ ಕಡಿಮೆ ಬೆಲೆಯದನ್ನು ತಂದೆ.

ಒಂದು ಇಡೀ ಮಳೆಗಾಲ ಅದರಲ್ಲೇ ಕಳೆಯಿತು. ಹೆಬ್ಬೆರಳು ಒಂದು ದಿನವೂ ಬರಲಿಲ್ಲ. ಬಿಸಿಲಿನಲ್ಲಿ ಪರದೆ ಅಮೋಲೆಡ್‌ನಷ್ಟು ಕಾಣುವುದಿಲ್ಲ, ಟೋಪಿ ಅಡ್ಡ ಹಿಡಿಯುತ್ತೇನೆ. ಸಿನಿಮಾದ ಕತ್ತಲ ದೃಶ್ಯ ಎಲ್ಲ ಬೂದು. ನಾನು ಫೋನಿನಲ್ಲಿ ನೋಡುವುದು ಕಾಫಿ ರೇಟು, ಮಳೆ, ಆನೆ, ಅದಕ್ಕೆ ಬೂದು ಸಾಕು. ಮಗಳಿಗೆ ಕೊಟ್ಟ ಅಮೋಲೆಡ್ ಬಗ್ಗೆ ಪ್ರತಿ ಸಲ ಕೇಳುತ್ತೇನೆ. ‘ಏನೂ ಆಗಲ್ಲ ಅಪ್ಪಾ, ಸೂಪರ್ ಫೋನು’ ಅನ್ನುತ್ತಾಳೆ. ಹಾಸ್ಟೆಲಿನ ಬೆಳಕಿನಲ್ಲಿ ಬ್ರೈಟ್‌ನೆಸ್ ಪೂರ್ತಿ ಮೇಲಿಟ್ಟು ನೋಡುತ್ತಾಳೆ. ಅದೂ ಅಲ್ಲದೆ, ಇದು ಎಲ್ಲರ ಕಣ್ಣಿಗೂ ತಾಗುವ ಕಾಟವಲ್ಲ. ನಮ್ಮ ಮನೆಯಲ್ಲಿ ನನ್ನೊಬ್ಬನಿಗೇ ತಾಗಿದ್ದು.

ಹೊಸದರ ಮೇಲೆ ದೂರು ಇರುವುದು ಹೆಂಡತಿಗೆ. ಈ ಎಲ್‌ಸಿಡಿಯ ಬೆಳಕು ಎಷ್ಟು ಇಳಿಸಿದರೂ ಅಮೋಲೆಡ್‌ನಷ್ಟು ಕೆಳಗೆ ಹೋಗುವುದಿಲ್ಲ. ಬೆಳಗ್ಗೆ 5.30ಕ್ಕೆ ಕೋಣೆಯೆಲ್ಲ ಬೆಳಗುತ್ತದೆ, ಅವಳ ನಿದ್ದೆ ಹಾಳು. ಅದಕ್ಕೆ ಈಗ ಕಂಬಳಿ ಹೊದ್ದು ಜಗಲಿಗೆ ಹೋಗಿ, ಅಲ್ಲಿ ಕೂತು ಆನೆ ಗ್ರೂಪ್ ತೆರೆಯುತ್ತೇನೆ.