ತುಂಗಾಪಾನಕ್ಕೆ 1,80,000 ರೂಪಾಯಿಯ ಯಂತ್ರ

ತೀರ್ಥಹಳ್ಳಿ ಪೇಟೆಯಲ್ಲಿರುವ ನಮ್ಮ ಅಕ್ಕನ ಮನೆಯ ಅಡುಗೆಕಟ್ಟೆಯ ಮೇಲೆ ಐದು ತಿಂಗಳಿಂದ ಒಂದು ಆಲ್ಕಲೈನ್ ನೀರಿನ ಯಂತ್ರ, ಅಂದರೆ ನಲ್ಲಿ ನೀರನ್ನು ಕ್ಷಾರೀಯ ಮಾಡುವ ಯಂತ್ರ, ಕುಳಿತಿದೆ. ಗಂಗಾಸ್ನಾನ, ತುಂಗಾಪಾನ ಎಂದು ಹಿರಿಯರು ಹೇಳಿದ ಹೊಳೆಯ ನೀರೇ ಆ ಮನೆಯ ನಲ್ಲಿಯಲ್ಲಿ ಬರುವಾಗ, ಅದನ್ನು ಸುಧಾರಿಸಲು 1,80,000 ರೂಪಾಯಿ ಏಕೆ ಕೊಟ್ಟರು ಎಂದು ಕೇಳಿದರೆ ಉತ್ತರ ಒಂದೇ ಶಬ್ದದ್ದು: ಕ್ಯಾನ್ಸರ್. ಭಾವನಿಗೆ ಗಂಟಲಿನಲ್ಲಿ ಗಡ್ಡೆ ಇರುವುದು ಗೊತ್ತಾಗಿ, ರೇಡಿಯೇಷನ್‌ಗೆ ದಿನ ಗೊತ್ತುಪಡಿಸಿದ್ದ ವಾರದಲ್ಲೇ ಈ ವ್ಯಾಪಾರ ನಡೆಯಿತು. ಶಿವಮೊಗ್ಗದಲ್ಲಿ ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದ ನನ್ನನ್ನು ಒಂದು ಮಾತು ಕೇಳಬಹುದಿತ್ತು ಎಂಬ ಬೇಸರ ನನಗಿದೆ. ಆದರೆ ಹೆದರಿದ ಮನೆಯಲ್ಲಿ ಯಾರು ಯಾರನ್ನು ಕೇಳುತ್ತಾರೆ?

ಯಂತ್ರದ ಬಗ್ಗೆ ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಕಟ್ಟುವಿಕೆ ಗಟ್ಟಿಯಾಗಿದೆ, ಸದ್ದು ಕಡಿಮೆ, ಅಳವಡಿಸಲು ಬಂದ ಹುಡುಗ ವಿನಯವಂತ. ಒಳಗಿನ ಇದ್ದಿಲಿನ ಫಿಲ್ಟರ್ ಕ್ಲೋರಿನ್ ವಾಸನೆಯನ್ನು ಚೆನ್ನಾಗಿ ತೆಗೆಯುತ್ತದೆ. ಹುಳಿ-ಕ್ಷಾರಗಳ ಅಳತೆಯಾದ ಪಿಎಚ್ (7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 9.5 ಎಂದು ಫಲಕ ತೋರಿಸಿದಾಗ ನನ್ನ ಮೀಟರ್ 9.2 ತೋರಿಸಿತು, ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿ ತೆರೆದಿಟ್ಟ ನೀರು ಬೆಳಿಗ್ಗೆ 8.1ಕ್ಕೆ ಇಳಿದಿತ್ತು. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದರೆ ಹಾಗಾಗುವುದು ಸಹಜವಾದ್ದರಿಂದ ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ. ದೋಷವಿರುವುದು ಯಂತ್ರವನ್ನು ಮಾರುವಾಗ ಆಡುವ ಮಾತಿನಲ್ಲಿ.

ಆ ಮಾತು ಹೇಗಿರುತ್ತದೆಂದು ತಿಳಿಯಲು ಶಿವಮೊಗ್ಗದ ಒಂದು ಸಭಾಭವನದಲ್ಲಿ ಅದೇ ಮಾರಾಟಗಾರರು ನಡೆಸಿದ ಪ್ರದರ್ಶನಕ್ಕೆ ನಾನೂ ಹೋಗಿ ಕುಳಿತೆ. ಎರಡು ಲೋಟ ನೀರಿಗೆ ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ದ್ರವದ ಹನಿ ಹಾಕಿದರು. ಮಾಮೂಲಿ ಫಿಲ್ಟರ್ ನೀರು ಹಳದಿಯಾಯಿತು, ಯಂತ್ರದ ನೀರು ನೇರಳೆಯಾಯಿತು. ಚಪ್ಪಾಳೆ ಬಿತ್ತು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ ಕೆಂಪು ಮಾಡಿ ಮದುಮಕ್ಕಳಿಗೆ ಆರತಿ ಎತ್ತುವ ಹೆಂಗಸರೇ ಮುಂದಿನ ಸಾಲಿನಲ್ಲಿದ್ದರೂ, ಇದೂ ಅದೇ ಬಣ್ಣದಾಟವೆಂದು ಯಾರೂ ಹೇಳಲಿಲ್ಲ. ಆಮೇಲೆ ಪರದೆಯ ಮೇಲೆ ಒಬ್ಬ ರೋಗಿಯ ಪೆಟ್ ಸ್ಕ್ಯಾನ್, ಅಂದರೆ ಗಡ್ಡೆ ಎಲ್ಲಿದೆಯೆಂದು ತೋರಿಸುವ ಚಿತ್ರ, ಬಂತು, ಹೊಳೆಯುವ ಚುಕ್ಕೆಯನ್ನು ತೋರಿಸಿ "ಇದೇ ಹುಳಿ ತುಂಬಿದ ಜಾಗ" ಎಂದರು. ದೇಹ ಹುಳಿಯಾದರೆ ಕ್ಯಾನ್ಸರ್ ಬರುತ್ತದೆಂದು ಕಂಡುಹಿಡಿದದ್ದಕ್ಕೇ ಜರ್ಮನಿಯ ಆಟೊ ವಾರ್ಬರ್ಗ್ ಅವರಿಗೆ ನೊಬೆಲ್ ಸಿಕ್ಕಿತೆಂದೂ, ಅಮೆರಿಕದ ವಿಜ್ಞಾನಿಗಳು ಕ್ಷಾರದಿಂದ ಕ್ಯಾನ್ಸರ್ ತಡೆದು ತೋರಿಸಿದ್ದಾರೆಂದೂ ಸೇರಿಸಿದರು.

ಇದರಲ್ಲಿ ಪೂರ್ತಿ ಸುಳ್ಳು ಯಾವುದೂ ಅಲ್ಲ, ಅದೇ ಕಷ್ಟ. ವಾರ್ಬರ್ಗ್ ಅವರಿಗೆ 1931ರಲ್ಲಿ ನೊಬೆಲ್ ಬಂದದ್ದು ನಿಜ, ಆದರೆ ಅದು ಉಸಿರಾಟದ ಕಿಣ್ವದ ಕುರಿತ ಕೆಲಸಕ್ಕೆ. ಆಮ್ಲಜನಕ ಇದ್ದರೂ ಗಡ್ಡೆಯ ಕೋಶಗಳು ವಿಪರೀತ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆಂದು ಅವರು 1920ರ ದಶಕದಲ್ಲಿ ತೋರಿಸಿದ್ದು ಬೇರೆ ಸಂಗತಿ. ಪೆಟ್ ಸ್ಕ್ಯಾನ್ ನಿಂತಿರುವುದು ಈ ಸಕ್ಕರೆಯ ಹಸಿವಿನ ಮೇಲೆ. ಭಾವನನ್ನು ಸ್ಕ್ಯಾನ್‌ಗೆ ಕರೆದೊಯ್ದವನು ನಾನೇ: ಆರು ಗಂಟೆ ಉಪವಾಸ, ಬೆರಳು ಚುಚ್ಚಿ ರಕ್ತದ ಸಕ್ಕರೆಯ ಪರೀಕ್ಷೆ, ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಗ್ಲೂಕೋಸ್‌ನಂಥ ದ್ರವದ ಇಂಜೆಕ್ಷನ್, ಬಳಿಕ ಒಂದು ಗಂಟೆ ಮಾತಿಲ್ಲದೆ ಮಲಗಿರಬೇಕು. ಎಲೆ-ಅಡಿಕೆ ಬೇಡ, ಅಗಿದರೆ ದವಡೆಯ ಸ್ನಾಯುವೂ ಹೊಳೆಯುತ್ತದೆ ಎಂದು ಅಲ್ಲಿನ ಸಿಸ್ಟರ್ ಹೇಳಿದಾಗ, ಐವತ್ತು ವರ್ಷ ಕವಳ ಬಿಡದ ಭಾವ ತಲೆ ತಗ್ಗಿಸಿದರು. ಆ ಫ್ಲೋರಿನ್ ಸುಮಾರು 110 ನಿಮಿಷಕ್ಕೆ ಅರ್ಧದಷ್ಟಾಗುತ್ತದೆ. ಅಷ್ಟರಲ್ಲಿ ಆ ಗ್ಲೂಕೋಸ್‌ನಂಥ ವಸ್ತು ಕೋಶದೊಳಗೆ ಹೊಕ್ಕು, ಸಕ್ಕರೆಯಂತೆ ಮುಂದೆ ಜೀರ್ಣವಾಗಲಾರದೆ ಸಿಕ್ಕಿಬೀಳುವುದರಿಂದ ಚುಕ್ಕೆ ಮೂಡುತ್ತದೆ. ಮಿದುಳು ಕೂಡ ಅದೇ ಚಿತ್ರದಲ್ಲಿ ಧಗಧಗ ಹೊಳೆಯುತ್ತದೆ. ಹೊಳೆಯುವುದೆಲ್ಲ ಹುಳಿಯಾದರೆ ನಮ್ಮೆಲ್ಲರ ತಲೆಯೂ ಮಜ್ಜಿಗೆಯ ಪಾತ್ರೆಯಾಗಬೇಕು.

ಹಾಗಾದರೆ ಗಡ್ಡೆಯಲ್ಲಿ ಹುಳಿ ಇಲ್ಲವೇ? ಇದೆ, ಖಂಡಿತ ಇದೆ. ರಕ್ತದ ಪಿಎಚ್ 7.4ರ ಆಸುಪಾಸಿನಲ್ಲಿದ್ದರೆ, ಗಡ್ಡೆಯ ಕೋಶಗಳ ನಡುವಿನ ದ್ರವ 6.5ರಿಂದ 6.9ರವರೆಗೂ ಇಳಿಯುತ್ತದೆ. ಮಾರಾಟಗಾರರು ತಲೆಕೆಳಗು ಮಾಡಿದ್ದು ಇಲ್ಲಿಯೇ: ದೇಹದ ಹುಳಿ ಗಡ್ಡೆಯನ್ನು ಹುಟ್ಟಿಸುವುದಿಲ್ಲ, ಗಡ್ಡೆಯೇ ಹುಳಿಯನ್ನು ಹುಟ್ಟಿಸುತ್ತದೆ. ಕ್ಯಾನ್ಸರ್ ಕೋಶದ ಒಳಗು ತುಸು ಕ್ಷಾರೀಯವಾಗಿಯೇ ಇರುತ್ತದೆ. ತನ್ನ ಮನೆ ಗುಡಿಸಿ ಕಸವನ್ನು ನೆರೆಯವರ ಅಂಗಳಕ್ಕೆ ತಳ್ಳುವ ಜಾಣರಂತೆ ಅದು ಆಮ್ಲವನ್ನು ಹೊರಗೆ ಪಂಪು ಮಾಡುತ್ತದೆ. ಗಡ್ಡೆಯೊಳಗಿನ ರಕ್ತನಾಳಗಳು ಅಡ್ಡಾದಿಡ್ಡಿಯಾಗಿರುವುದರಿಂದ ಆ ಕಸ ತೊಳೆದುಹೋಗದೆ ನಿಲ್ಲುತ್ತದೆ, ನೆರೆಯ ಆರೋಗ್ಯವಂತ ಕೋಶಗಳು ಸಾಯುತ್ತವೆ, ಗಡ್ಡೆಗೆ ಹರಡಲು ಜಾಗವಾಗುತ್ತದೆ.

ಫ್ಲಾರಿಡಾದ ಟ್ಯಾಂಪಾದಲ್ಲಿರುವ ಮೊಫಿಟ್ ಕ್ಯಾನ್ಸರ್ ಕೇಂದ್ರದಲ್ಲಿ ರಾಬರ್ಟ್ ಗಿಲ್ಲೀಸ್ ಮತ್ತು ಸಂಗಡಿಗರು ಬಹುಕಾಲ ಅಳೆದದ್ದು ಈ ಹುಳಿಯನ್ನೇ, ಅದೂ ಗಡ್ಡೆಗೆ ಸೂಜಿ ಚುಚ್ಚದೆ, ಕಾಂತೀಯ ಅನುರಣನದ (ಎಂಆರ್‌ಐ ಬಗೆಯ) ವಿಧಾನಗಳಿಂದ. ಅಮೆರಿಕದ ಪ್ರಯೋಗವೆಂದು ಮಾರಾಟಗಾರರು ಹೇಳಿದ್ದು ಬಹುಶಃ 2009ರಲ್ಲಿ ಈ ಗುಂಪು ಪ್ರಕಟಿಸಿದ ಅಧ್ಯಯನವನ್ನು. ಸ್ತನ ಕ್ಯಾನ್ಸರ್ ಇದ್ದ ಇಲಿಗಳಿಗೆ ಕುಡಿಯುವ ನೀರಿನಲ್ಲಿ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬನೇಟ್ ಕೊಟ್ಟಾಗ ಗಡ್ಡೆಯ ಹೊರಗಿನ ಹುಳಿ ತಗ್ಗಿತು, ಬೇರೆ ಅಂಗಗಳಿಗೆ ಹರಡುವುದು ಕಡಿಮೆಯಾಯಿತು. ಮೂಲ ಗಡ್ಡೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಲೇ ಇತ್ತು. ಆ ಇಲಿಗಳ ಒಂದು ಲೀಟರ್ ನೀರಿನಲ್ಲಿದ್ದ ಬೈಕಾರ್ಬನೇಟ್ 0.2 ಮೋಲ್ (ಮೋಲ್ ಎಂದರೆ ಕಣಗಳನ್ನು ಎಣಿಸುವ ಅಳತೆ), ಪಿಎಚ್ 9.5ರ ಒಂದು ಲೀಟರ್ ನೀರನ್ನು ಕ್ಷಾರ ಮಾಡುವ ಹೈಡ್ರಾಕ್ಸೈಡ್ ಸುಮಾರು 0.00003 ಮೋಲ್. ಎರಡರ ನಡುವೆ 6,000 ಪಟ್ಟಿಗೂ ಹೆಚ್ಚಿನ ಅಂತರ. ಮನುಷ್ಯರಲ್ಲಿ ಸೋಡಾ ಪ್ರಯೋಗಿಸಲು ಹೊರಟಾಗ ಅದರ ರುಚಿಗೇ ಸೋತು ರೋಗಿಗಳು ಮುಂದುವರಿಸಲಾಗಲಿಲ್ಲ.

ಈ ಅಂತರವನ್ನು ಅಕ್ಕನ ಅಡುಗೆಮನೆಯಲ್ಲೇ ತೋರಿಸಿದೆ. ಒಂದು ಲೋಟ ಯಂತ್ರದ ನೀರು, ಇನ್ನೊಂದು ಲೋಟ ನಲ್ಲಿ ನೀರಿಗೆ ಅರ್ಧ ಚಮಚ ಸೋಡಾ. ಎರಡಕ್ಕೂ ಕಾಲು ಚಮಚ ನಿಂಬೆರಸ. ಯಂತ್ರದ ನೀರಿನಲ್ಲಿ ಅದ್ದಿದ ಪಿಎಚ್ ಪಟ್ಟಿ ಕಣ್ಣೆದುರೇ ಆಮ್ಲದ ಬಣ್ಣಕ್ಕೆ ತಿರುಗಿತು. ಸೋಡಾ ನೀರು ಬುಸ್ಸೆಂದು ನೊರೆಯಾಡಿ ಮತ್ತೆ ಕ್ಷಾರದಲ್ಲೇ ನಿಂತಿತು. "ತೋಟಕ್ಕೆ ಸುಣ್ಣ ಹಾಕಿದ ಹಾಗೆ," ಎಂದರು ಭಾವ ಮೆಲ್ಲನೆ, "ಚಿಟಿಕೆ ಹಾಕಿದರೆ ನಮ್ಮ ಮಣ್ಣಿನ ಹುಳಿ ಹೋಗುತ್ತದೆಯೇ? ಚೀಲಗಟ್ಟಲೆ ಬೇಕು." ನನ್ನ ಮೂವತ್ತೊಂದು ವರ್ಷದ ಪಾಠದಲ್ಲಿ ಬಫರನ್ನು, ಅಂದರೆ ಆಮ್ಲ ಬಿದ್ದರೂ ಪಿಎಚ್ ಕದಲಗೊಡದ ಗುಣವನ್ನು, ಇಷ್ಟು ಬೇಗ ಹಿಡಿದ ವಿದ್ಯಾರ್ಥಿ ಇರಲಿಲ್ಲ. ನಿಂಬೆರಸಕ್ಕೇ ತಡೆಯಲಾರದ ನೀರು ಜಠರದ ಆಮ್ಲದ ಮುಂದೆ ಉಳಿಯುವುದಿಲ್ಲ. ಉಳಿದರೂ ರಕ್ತದ ಪಿಎಚ್ಚನ್ನು ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಕದಲಗೊಡುವುದಿಲ್ಲ. ಹಾಗೆಂದು ಸೋಡಾವನ್ನೇ ಚಮಚಗಟ್ಟಲೆ ಕುಡಿಯಲು ಹೊರಡಬಾರದು. ಅಷ್ಟು ಸೋಡಿಯಂ ರಕ್ತದೊತ್ತಡದವರಿಗೂ ಮೂತ್ರಪಿಂಡದ ತೊಂದರೆಯವರಿಗೂ ಅಪಾಯ.

ನನ್ನ ನಿಜವಾದ ದೂರು ಹಣದ್ದಲ್ಲ. "ಮೂರು ತಿಂಗಳು ನೀರು ಕುಡಿದು ನೋಡಿ, ಆಮೇಲೆ ರೇಡಿಯೇಷನ್ ಯೋಚಿಸಿ" ಎಂದು ಭಾವನಿಗೆ ಹೇಳಲಾಗಿತ್ತು, ಹನ್ನೊಂದು ದಿನ ಅವರು ಮುಂದೂಡಿಯೂ ಇದ್ದರು. ಕಾಯುವುದರ ಅಪಾಯ ತಿಳಿಯಲು ಇಷ್ಟು ಗೊತ್ತಿರಬೇಕು: ರಕ್ತನಾಳದಿಂದ ಆಮ್ಲಜನಕ ಅಂಗಾಂಶದೊಳಗೆ ಹರಿದುಹೋಗುವ ದೂರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಅದರಾಚೆಗಿನ ಕೋಶಗಳು ಸಾಯುತ್ತವೆ, ಆ ಅಂಚಿನಲ್ಲಿರುವ ಕೋಶಗಳು ಮಾತ್ರ ಉಸಿರುಗಟ್ಟಿಯೂ ಬದುಕಿರುತ್ತವೆ ಎಂಬ ವಿವರಣೆಯನ್ನು ಥಾಮ್ಲಿನ್ಸನ್ ಮತ್ತು ಗ್ರೇ ಎಂಬ ಸಂಶೋಧಕರು 1955ರಲ್ಲೇ ಕೊಟ್ಟಿದ್ದಾರೆ. ಆಮ್ಲಜನಕವಿಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ಅದಕ್ಕೇ ವೈದ್ಯರು ಭಾವನ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ನೋಡಿದ್ದು, ಬೀಡಿ ಬಿಡಿಸಿದ್ದು. ಅಂಥ ರೋಗಿಗೆ ಕಾಯಿರಿ ಎನ್ನುವುದು ಗಡ್ಡೆಗೆ ಬೆಳೆಯಲು ದಿನ ಕೊಟ್ಟಂತೆ. ಹಣ ಹಿಂದಿರುಗಿಸಿ ಎಂದು ಕೇಳಿದ್ದಕ್ಕೆ, ನೀರು ಹರಿದ ಯಂತ್ರವನ್ನು ವಾಪಸು ಪಡೆಯುವುದಿಲ್ಲವೆಂಬ ಉತ್ತರ ಬಂತು.

ಭಾವನ ಮೂವತ್ತೈದು ರೇಡಿಯೇಷನ್ ಮುಗಿದಿವೆ. ಬಾಯಿ ಹುಣ್ಣಾಗಿದ್ದಾಗ ಆಸ್ಪತ್ರೆಯವರು ಹೇಳಿಕೊಟ್ಟದ್ದು ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಬೆರೆಸಿ ಮುಕ್ಕಳಿಸಲು, ಕುಡಿಯಲಿಕ್ಕಲ್ಲ, ಉಗುಳಲಿಕ್ಕೆ. ಆ ಸೋಡಾದ ಡಬ್ಬಿ ಈಗಲೂ ಯಂತ್ರದ ಪಕ್ಕದಲ್ಲೇ ಇದೆ. ಫಿಲ್ಟರ್ ಬದಲಿಸಿ ಎಂದು ಯಂತ್ರ ಕೆಂಪು ದೀಪ ಹೊತ್ತಿಸಿ ಮೂರು ವಾರವಾಯಿತು; ಹೊಸ ಫಿಲ್ಟರಿಗೆ 9,500 ರೂಪಾಯಿಯಂತೆ, ಅಕ್ಕ ಆ ದೀಪದ ಮೇಲೆ ಕೈವಸ್ತ್ರ ಹೊದಿಸಿದ್ದಾಳೆ.